ಚಿತ್ತಾಪುರ ಟೇಪು

ಹಾಜರಿ ತೆರೆದರೆ ಪರದೆ ಖಾಲಿ. ಬೆಳಿಗ್ಗೆ ಕರೆಂಟು ಹೋಗಿ ಬಂದದ್ದಷ್ಟೇ, ಕಾರ್ಖಾನೆಯ ಕೂಲಿಕಾರರ ಆ ತಿಂಗಳ ಹಾಜರಿಯೆಲ್ಲ ಒರೆಸಿ ಹೋಗಿತ್ತು. ಮ್ಯಾನೇಜರ್ ಶ್ರೀರಾಮ ಸಾಹೇಬರು ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತು, "ಬಷೀರಾಗ ಫೋನ್ ಹಚ್ರಿ" ಎಂದರು.

"ಆಕಿ ಅಕ್ಕನ ಮಗಳ ಶಾದಿಗಿ ಮುಧೋಳಕ್ಕ ಹೋಗ್ಯಾಳ್ರಿ." ಅಂಬರಾಯ ಕುರ್ಚಿ ಎಳೆದುಕೊಂಡು ಕೂತ. "ನಾ ಇದ್ದೀನಲ್ರಿ ಸಾಹೇಬ್ರ. ಈ ಕೋಣಿಗಿ ಮೊದಲನೇ ಕಂಪ್ಯೂಟರ್ ಬಂದಾಗ ಅದರ ಡಬ್ಬಿ ಒಡದಾಂವ ನಾನು."

"ಡಬ್ಬಿ ಒಡದೋರು ನೀವೇ, ಖರೆ. ಆದ್ರ ಈ ಹೊಸ ಬ್ಯಾಕಪ್ಪಿಂದು ಆಕಿಗೇ ಗೊತ್ತು."

'ಆಕಿಗೇ' ಎಂದದ್ದು ಅಂಬರಾಯನಿಗೆ ಮುಳ್ಳಿನಂತೆ ನಾಟಿತು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿದರೆ ಸಾಕು, ಎಲ್ಲದರ ನಕಲೂ ಟೇಪಿಗೆ ಇಳಿಯುತ್ತಿದ್ದ ಕಾಲದಲ್ಲಿ ಈ ಕೋಣೆ ಅವನದಾಗಿತ್ತು. 2004ರಲ್ಲಿ ಹೈದರಾಬಾದಿನಿಂದ ಹೊಸ ಸಾಫ್ಟ್‌ವೇರ್ ಬಂತು. ಅದರಲ್ಲಿ ಕಿಟಕಿಯೊಳಗೆ ಕಿಟಕಿ. ಹೆಸರು ತೋರಿಸುವ ಜಾಗ ಎಷ್ಟು ಇಕ್ಕಟ್ಟೆಂದರೆ, ಯಾವ ದಿನದ ಟೇಪಾದರೂ ಪಟ್ಟಿಯಲ್ಲಿ 'ಡೇಲಿ ಬ್ಯಾ...' ಎಂದೇ ಕಾಣುತ್ತಿತ್ತು. ಅಂಬರಾಯ ವಾರಗಟ್ಟಲೆ ತಲೆ ಕೆರೆದುಕೊಂಡ. ಆಮೇಲೆ ಕೆಲಸಕ್ಕೆ ಸೇರಿದ ಬಷೀರಾ ಬಂದವಳೇ ಟೇಪುಗಳಿಗೆ ಊರ ಹೆಸರಿಟ್ಟಳು. ಸೋಮವಾರ ಶಹಾಬಾದ, ಮಂಗಳವಾರ ವಾಡಿ, ಬುಧವಾರ ಚಿತ್ತಾಪುರ, ಗುರುವಾರ ಸೇಡಂ, ಶುಕ್ರವಾರ ಚಿಂಚೋಳಿ. ದಿನಾ ಈ ದಾರಿಯಲ್ಲೇ ಓಡಾಡುವವರಿಗೆ ಹೊಸದಾಗಿ ಕಲಿಯುವಂಥದ್ದೇನೂ ಉಳಿಯಲಿಲ್ಲ. ಈಗ ಸಾಹೇಬರೂ ಸಂಜೆ ಹೊರಡುವಾಗ "ಬಷೀರಾ, ವಾಡಿ ಮುಟ್ಟೀದೇನವಾ?" ಎಂದು ನಗುತ್ತಾರೆ. ಅಂಬರಾಯನನ್ನು ಯಾರೂ ಏನೂ ಕೇಳುವುದಿಲ್ಲ. ಹೋದ ವಾರ ಮನೆಯಲ್ಲಿ ಸ್ವಂತ ಮಗಳೇ, "ಅಪ್ಪಾ, ಬಷೀರಾ ಆಂಟಿ ನನಗ ಕಂಪ್ಯೂಟರ್ ಕಲಸ್ತಾರೇನು ಕೇಳು" ಎಂದಿದ್ದಳು. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದ.

ನಿನ್ನೆ ಬುಧವಾರ. ಅದಕ್ಕೇ ಅವನು ಈಗ ಚಿತ್ತಾಪುರ ಟೇಪನ್ನು ಯಂತ್ರಕ್ಕೆ ಹಾಕಿದ. ಪರದೆಯ ಮೇಲೆ ಎರಡು ಗುಂಡಿ ಬಂದವು. ಎರಡರ ಮೇಲೂ ಹೆಚ್ಚುಕಡಿಮೆ ಒಂದೇ ಚಿತ್ರ: ಒಂದು ಡಬ್ಬಿ, ಒಂದು ಬಾಣ, ಇನ್ನೊಂದು ಡಬ್ಬಿ. ಯಾವ ಡಬ್ಬಿ ಕಂಪ್ಯೂಟರು, ಯಾವುದು ಟೇಪು, ಬಾಣ ಎಲ್ಲಿಂದ ಎಲ್ಲಿಗೆ ಹೊರಟಿದೆ, ಒಂದೂ ತಿಳಿಯದು. ಬಷೀರಾಳನ್ನು ಕೇಳಿದ್ದರೆ ಒಂದೇ ಮಾತಿನ ಕೆಲಸ. ಕೇಳಬಾರದೆಂದೇ ಎಡಗಡೆಯ ಗುಂಡಿ ಒತ್ತಿದ. 'ಈ ಟೇಪಿನಲ್ಲಿ ಮೊದಲೇ ಮಾಹಿತಿ ಇದೆ. ಮುಂದುವರಿಯಲೇ?' ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು.

"ನೋಡ್ರಿ ಸಾಹೇಬ್ರ! ಮಾಹಿತಿ ಅದ ಅಂತ ಅದೇ ಹೇಳಾಕತ್ತದ." ಅಂಬರಾಯ ಹಿಂದೆಮುಂದೆ ನೋಡದೆ 'ಹೌದು' ಒತ್ತಿದ. ನೀಲಿ ಪಟ್ಟಿ ಮೆಲ್ಲಗೆ ತುಂಬಿತು, ಹಸಿರು ಗುರುತು ಮೂಡಿತು, ಪಕ್ಕದಲ್ಲಿ 'ಯಶಸ್ವಿ' ಎಂದು ಬಂತು. ಸಾಹೇಬರು ಬೆನ್ನು ತಟ್ಟಿದರು. "ಭಲೇ ಅಂಬರಾಯ! ಸುಮ್ಮನ ಆ ಹುಡುಗಿ ಶಾದಿ ಕೆಡಸ್ತಿದ್ದೆ ನೋಡ್ರಿ." ಚಹಾ ಹೇಳಲು ಅವರು ಹೊರಗೆ ಹೋದರು. ಬೆನ್ನಿನ ಮೇಲೆ ಆ ಕೈ ಇನ್ನೂ ಇದ್ದ ಹಾಗೆಯೇ ಅನಿಸುತ್ತಿತ್ತು. ಅಂಬರಾಯ ಹಾಜರಿ ತೆರೆದ. ಖಾಲಿ. ಇನ್ನೊಮ್ಮೆ ತೆರೆದ. ಖಾಲಿಯೇ. ಆಗ ಹೊಳೆಯಿತು. ಟೇಪಿನಲ್ಲಿದ್ದದ್ದು ಕಂಪ್ಯೂಟರಿಗೆ ಬಂದಿರಲಿಲ್ಲ. ಕಂಪ್ಯೂಟರಿನ ಖಾಲಿಯೇ ಟೇಪಿನ ಮೇಲೆ ಹೋಗಿ ಕೂತಿತ್ತು.

"ಬಂತೇನ್ರಿ?" ಸಾಹೇಬರು ಒಳಗೆ ಬಂದರು.

"ಟೇಪಿನಾಗೇ ಏನೂ ಇಲ್ರಿ." ಮಾತು ತಾನಾಗಿ ಹೊರಟಿತು. "ಆಕಿ ನಿನ್ನಿ ಬ್ಯಾಕಪ್ ತೊಗೊಂಡೇ ಇಲ್ಲ ಕಾಣಸ್ತದ. ಶಾದಿ ಗಡಿಬಿಡಿ ನೋಡ್ರಿ."

"ಮಾಹಿತಿ ಅದ ಅಂದಿತ್ತಲ್ಲ?"

"ಹೋದ ವಾರದ್ದಿರಬೇಕ್ರಿ. ಅದೂ ಕೆಟ್ಟದ."

ಸಾಹೇಬರ ಮುಖ ಗಂಟಾಯಿತು. "ವಾಡಿ ಟೇಪಿನಾಗ ಮಂಗಳವಾರದ ತನಕ ಸಿಗತದ. ನಿನ್ನಿ ದಿನಪೂರ್ತಿ ದುಡದೋರಿಗಿ ಏನು ಹೇಳೂದು?" ಎನ್ನುತ್ತ ತಾವೇ ಫೋನು ತಿರುಗಿಸಿ ಸ್ಪೀಕರ್ ಒತ್ತಿದರು. ಆ ಕಡೆ ಮಕ್ಕಳ ಗಲಾಟೆ, ಊಟಕ್ಕೆ ಕರೆಯುವ ದನಿಗಳು. ನಡುವೆ ಬಷೀರಾ.

"ನಿನ್ನಿ ಬ್ಯಾಕಪ್ ತೊಗೊಂಡೇ ಹೋಗೀನಲ್ರಿ ಸರ್, ಚಿತ್ತಾಪುರ ಟೇಪಿಗಿ."

"ಅಂಬರಾಯ ನೋಡ್ಯಾರ. ಟೇಪು ಖಾಲಿ ಅದ."

ಅಂಬರಾಯ ಉಗುರಿನಿಂದ ಮೇಜು ಕೆರೆಯುತ್ತಿದ್ದ. ಆಕಿ ಜಗಳ ತೆಗೀಲಿ, ಸುಳ್ಳು ಅನ್ನಲಿ, ಉತ್ತರ ಕೊಡುತ್ತೇನೆ ಎಂದು ಕಾದ.

"ಅಂಬರಾಯಣ್ಣ ನೋಡ್ಯಾರಂದ್ರ ಖರೇನೇ ಇರತದ್ರಿ ಸರ್. ಆ ಗುಂಡಿಗೋಳೇ ಹಂಗವ, ನಾನೇ ತಪ್ಪ ಒತ್ತಿರಬೇಕು. ಮಾಫ್ ಮಾಡ್ರಿ. ಅಣ್ಣಾ, ನೀವು ಏನೂ ಮುಟ್ಟಬ್ಯಾಡ್ರಿ, ಹಂಗೇ ಇಡ್ರಿ. ಈಗೇ ಬಸ್ ಹತ್ತಿ ಬರ್ತೀನಿ."

"ಶಾದಿ ಮುಗಸ್ಕೊಂಡು ಬಾರವಾ."

"ಬ್ಯಾಡ್ರಿ ಸರ್. ಅಷ್ಟು ಮಂದಿ ಹಾಜರಿ ಅದು."

ಸಾಹೇಬರು ಹೋದ ಮೇಲೆ ಅಂಬರಾಯ ಪರದೆಯ ಕಡೆ ತಿರುಗಿದ. ಹಸಿರು ಗುರುತಿನ ಕೆಳಗೆ, ಇಷ್ಟು ಹೊತ್ತು ಕಣ್ಣಿಗೇ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಚಿತ್ತಾಪುರ, ಕೊನೆಯ ಸಲ ಬರೆದದ್ದು ಇಂದು, ಬರೆದವರು ಅಂಬರಾಯ. ಅವನು ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಆ ಸಾಲನ್ನು ಅಳಿಸುವುದು ಎಲ್ಲಿಂದ ಎಂದು ಕಾರ್ಖಾನೆಯಲ್ಲಿ ಗೊತ್ತಿದ್ದವಳು ಒಬ್ಬಳೇ. ಅವಳು ಶಾದಿಯ ಬಟ್ಟೆಯಲ್ಲೇ ಮುಧೋಳದಿಂದ ಇತ್ತ ಬರುವ ಬಸ್ಸು ಹತ್ತಿದ್ದಳು.