ಗಡಿಯಲ್ಲಿ ಕೋವಿಯ ಸಾಕ್ಷಿ

ಆ ಕಾಲಕ್ಕೆ ಕೋವಿಗಳು ಮಾತಾಡುತ್ತಿದ್ದವು. ರಾಜ್ಯದ ಗಡಿ ದಾಟುವಾಗ ಕೊನೆಯ ಗುಂಡು ಯಾರಿಗೆ ಬಿತ್ತೆಂದು ಹೇಳಲೇಬೇಕಿತ್ತು. ಬೊಳ್ಳಮ್ಮ ತೀರಿಹೋದ ಅಪ್ಪನ ಕೋವಿಯನ್ನು ಕಾನೂನಿನಂತೆ ಖಾಲಿ ಮಾಡಿ, ಡಿಕ್ಕಿಯಲ್ಲಿಟ್ಟು ಬೀಗ ಹಾಕಿ, ಕಣ್ಣೂರಿನ ತನ್ನ ಮನೆಗೆ ಒಯ್ಯುತ್ತಿದ್ದಳು. ಆದರೂ ಗಡಿಯ ಮಾಕುಟ್ಟ ಗೇಟು ಹತ್ತಿರವಾದಂತೆ ಮತ್ತೆ ಮತ್ತೆ ಕಾರು ನಿಧಾನ ಮಾಡಿದಳು. ಅವಳು ಶಾಲೆಗೆ ಹೋಗುತ್ತಿದ್ದಾಗ ಚಿಕ್ಕಪ್ಪ ಕಾಡಿನಲ್ಲಿ ಗುಂಡು ತಗುಲಿ ಸತ್ತಿದ್ದರು. ಹೊಡೆದದ್ದು ಅವರ ಅಣ್ಣ, ಬೊಳ್ಳಮ್ಮನ ಅಪ್ಪನೇ ಎಂದು ಊರೆಲ್ಲ ಗುಸುಗುಸು. "ಅದು ಏನು ಹೇಳ್ತದೋ ನಾನೂ ಕೇಳ್ಬೇಕು" ಎಂದು ಹಟ ಹಿಡಿದು ಬಂದ ಆ ಚಿಕ್ಕಪ್ಪನ ಹೆಂಡತಿ, ಚಿಕ್ಕಮ್ಮ, ಪಕ್ಕದಲ್ಲೇ ಕೂತಿದ್ದರು.

ಪೇದೆ ಕೋವಿಯನ್ನು ಮೇಜಿನ ಮೇಲಿಟ್ಟು ಆಕಳಿಸುತ್ತಾ ಕೇಳಿದ: "ಕೊನೇ ಗುಂಡು ಯಾರಿಗೆ?"

"ಯಾರಿಗೂ ಅಲ್ಲ, ಆಕಾಶಕ್ಕೆ" ಎಂದಿತು ಕೋವಿ. "ಈ ಬೊಳ್ಳಮ್ಮ ಹುಟ್ಟಿದ ದಿನ. ಗಂಡು ಹುಟ್ಟಿದರೆ ಮಾತ್ರ ಗುಂಡು ಹಾರಿಸೋದು ಅಂತ ಮನೆಯವರೆಲ್ಲ ತಡೆದರು. 'ನನ್ನ ಮಗಳು ಹುಟ್ಟಿದ್ದಕ್ಕೂ ಒಂದು' ಅಂತ ಯಜಮಾನರು ಹಾರಿಸಿಯೇಬಿಟ್ಟರು. ಆಮೇಲೆ ನನ್ನನ್ನು ಗೋಡೆಯಿಂದ ಇಳಿಸಲೇ ಇಲ್ಲ."

ಪೇದೆ ಗೇಟು ಎತ್ತಿದ. ಬೊಳ್ಳಮ್ಮ ಕಣ್ಣೊರೆಸಿಕೊಂಡು ಕಾರು ಚಾಲೂ ಮಾಡಿದಳು.

ಚಿಕ್ಕಮ್ಮ ಅವಳ ಕೈ ಹಿಡಿದರು. "ತಿರುಗಿಸು ಬೊಳ್ಳು, ಊರಿಗೇ ಹೋಗುವ. ಊರವರ ಮಾತು ನಂಬಿ ಬಾವನ ಸಾವಿಗೂ ನಾನು ಹೋಗ್ಲಿಲ್ಲ."