ತಂತಿಯ ಮೇಲಿನ ಸೀಸೆ

ನೀಲಗಿರಿ ಎಣ್ಣೆಯ ವಾಸನೆ ಎಲ್ಲಿ ಬಂದರೂ ನಾನು ಈಗಲೂ ಪಾಂಡವಪುರದ ನಮ್ಮ ಹಜಾರದಲ್ಲಿ ಕೂತ ಎಂಟು ವರ್ಷದ ಹುಡುಗಿಯಾಗುತ್ತೇನೆ.

ಚಿಕ್ಕಪ್ಪ ಮೈಸೂರಿನ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರು ನುಡಿಸುತ್ತಿದ್ದ. ಬ್ಲೂಸ್ ಎಂಬ ವಿದೇಶಿ ಧಾಟಿಯೆಂದರೆ ಅವನಿಗೆ ಹುಚ್ಚು. ಅವನು ನುಡಿಸಿದ ಎರಡು ಕ್ಯಾಸೆಟ್ಟುಗಳೂ ಹೊರಬಂದಿದ್ದವು. ಆ ವರ್ಷ ನಮ್ಮ ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ, ತಂತಿ ಒತ್ತುವ ಅವನ ಎಡಗೈಯ ಎರಡು ಬೆರಳು ಹೋದವು. ಗಾಯ ಮಾಗಿದ ಮೇಲೂ ಅವನು ಗಿಟಾರನ್ನು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ, "ಧೂಳಾದ್ರೂ ಒರ್ಸಿ ಮಡಗ್ಲಾ," ಎಂದು ಗದರಿದಳು. ಅವನು ಅದನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಒರೆಸತೊಡಗಿದ. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ತೇಲುತ್ತಿತ್ತು. ನೆಗಡಿಗೆಂದು ನಾನು ಮೂಸುತ್ತಿದ್ದ ಎಣ್ಣೆಯ ಪುಟ್ಟ ಗಾಜಿನ ಸೀಸೆ ಕೈಜಾರಿ ತಂತಿಗಳ ಮೇಲೆ ಉರುಳಿತು. ತಂತಿ ನರಳಿತು.

ಬೈಯುತ್ತಾನೆಂದು ನಾನು ಹಿಂದೆ ಸರಿದೆ. ಅವನು, "ಇರು ಮಗಾ," ಎಂದು ಸೀಸೆಯನ್ನು ಉಳಿದ ಬೆರಳುಗಳಲ್ಲಿ ಹಿಡಿದು ತಂತಿಯುದ್ದಕ್ಕೂ ಮೆಲ್ಲಗೆ ಜಾರಿಸುತ್ತಾ ಬಲಗೈಯಿಂದ ಮೀಟಿದ. ಸ್ವರ ಮೇಲೇರಿ, ನಡುಗಿ, ಮನುಷ್ಯರ ದನಿಯಂತೆ ಕೆಳಗಿಳಿಯಿತು.

ಹಿತ್ತಲಿನಿಂದ ಅಜ್ಜಿ ಗಾಬರಿಯಲ್ಲಿ ಓಡಿ ಬಂದಳು. "ಯಾರ್ಲಾ ಅಳ್ತಿರೋದು?"

"ಯಾರೂ ಇಲ್ಲ ಕಣವ್ವ. ಗಿಟಾರು." ಹಾಗೆನ್ನುವಾಗ ಅವನ ಕೆನ್ನೆ ಒದ್ದೆಯಾಗಿತ್ತು.

ಅಜ್ಜಿ ಅವನನ್ನೇ ನೋಡುತ್ತಾ ಹೊಸ್ತಿಲ ಮೇಲೆ ಕೂತಳು. "ಅಳ್ಲಿ ಬುಡು," ಎಂದಳು. "ನಿಲ್ಲಿಸ್ಬ್ಯಾಡ."

ಅವನು ಬಹಳ ಹೊತ್ತು ನುಡಿಸಿದ. ಆಮೇಲೆ ನನ್ನತ್ತ ತಿರುಗಿ, "ಟೇಪ್ ರೆಕಾರ್ಡರ್ ತಗಂಡ್ಬಾ ಮಗಾ," ಎಂದ.