ಜೋಡಿಗೊಂದೇ ಹೆಸರು

"ಆಂಟಿ, ಕಾಫಿ?" ಎಂದು ಟೂರ್ ಮ್ಯಾನೇಜರ್ ಕೇಳಿದರೆ ಅವಳ ಗಂಡ ಹೇಳುತ್ತಿದ್ದ, "ಅವಳಿಗೆ ಬೇಡ."

"ಚಳಿ ಜಾಸ್ತಿ ಆಯ್ತಾ ಆಂಟಿ?"

"ಅವಳಿಗೇನೂ ಚಳಿಯಿಲ್ಲ."

ನಾರ್ವೆಯ ಫ್ಯೋರ್ಡ್‌ಗಳಲ್ಲಿ, ಬೆಟ್ಟಗಳ ನಡುವೆ ಹೊಕ್ಕ ಸಮುದ್ರದಲ್ಲಿ, ಆ ಸಣ್ಣ ಹಡಗು ಹೊರಟು ನಾಲ್ಕು ದಿನವಾಗಿತ್ತು. ಪ್ರತಿ ದಡ ಬಿಡುವ ಮುಂಚೆ ಮ್ಯಾನೇಜರ್ ಹಾಜರಿ ಕೂಗುತ್ತಿದ್ದ. ಪಟ್ಟಿಯಲ್ಲಿ ಜೋಡಿಗೊಂದೇ ಹೆಸರು, ಗಂಡನದು. "ಇಬ್ರೂ ಇದ್ದೀವಿ" ಎಂದು ಗಂಡ ಕೂಗಿದರೆ ಮುಗಿಯಿತು.

ಐದನೆಯ ದಿನ ಜನವಸತಿಯೇ ಇಲ್ಲದ ಒಂದು ದಡದಲ್ಲಿ ಇಳಿಸಿದರು. ಮೇಲೆ, ಯಾರೋ ಎಂದೋ ಬಿಟ್ಟುಹೋದ ಒಂದು ಮರದ ಮನೆ. ಅದರಾಚೆ, ವಸಂತದ ಬಿಸಿಲಿಗೆ ಹಿಮ ಕರಗಿ ಭೋರ್ಗರೆಯುವ ಜಲಪಾತ. ಎಲ್ಲರೂ ಮನೆ ನೋಡಿ ಹಿಂತಿರುಗಿದರು. ಅವಳ ಗಂಡ ಮಾತ್ರ ಫೋಟೋ ತೆಗೆಸಿಕೊಳ್ಳಲು ಅವಳನ್ನು ಜಲಪಾತದವರೆಗೂ ಎಳೆದುಕೊಂಡು ಹೋದ. ಒದ್ದೆ ಬಂಡೆಯ ಮೇಲೆ ಜಾರಿ ಎರಡಾಳೆತ್ತರದಷ್ಟು ಕೆಳಗೆ ಬಿದ್ದ. ಕಾಲು ಮುರಿದಿತ್ತು.

"ನಿಂತ್ಕೊಂಡು ಏನೇ ನೋಡ್ತೀಯ? ಓಡು, ಮ್ಯಾನೇಜರ್‌ಗೆ ಹೇಳು! ಈ ಹಡಗು ಬಿಟ್ರೆ ಇನ್ನು ಮುಂದಿನ ವಾರಾನೇ!"

ಅವಳು ಏದುಸಿರು ಬಿಡುತ್ತಾ ಇಳಿದು ಬಂದು ಹಡಗು ಹತ್ತಿದಳು. ಹಾಜರಿ ನಡೆದಿತ್ತು. ಮ್ಯಾನೇಜರ್ ಅವಳ ಗಂಡನ ಹೆಸರನ್ನು ಎರಡು ಸಲ ಕೂಗಿ, ತಲೆಯೆತ್ತಿ ನೋಡಿದ.

"ಅಂಕಲ್ ಎಲ್ಲಿ ಆಂಟಿ?"

"ರೂಮಿಗೆ ಹೋದ್ರು. ಇಬ್ರೂ ಇದ್ದೀವಿ," ಎಂದಳು ಅವಳು. "ನಂಗೊಂದು ಕಾಫಿ ಕೊಡಿಸಪ್ಪ."